ಮುಂಗೈ ಮೇಲಿನ ಹೆಸರು

ಕೌಜಲಗಿಯ ಉದ್ದವ್ವನಿಗೆ ಅಕ್ಷರ ಬಾರದು. ಆದರೂ ಒಂದು ಹೆಸರನ್ನು ಎಲ್ಲಿ ಬರೆದಿದ್ದರೂ ಗುರುತು ಹಿಡಿಯುತ್ತಾಳೆ. ಮದುವೆಯಾದ ವರ್ಷ ಎಡ ಮುಂಗೈ ಮೇಲೆ ಹಚ್ಚೆ ಹಾಕಿಸಿಕೊಂಡ ಗಂಡನ ಹೆಸರು ಅದು. ಸತ್ತೆಪ್ಪ ಎಂದು ನಾವು ಹೇಳಬಹುದು, ಅವಳು ಹೇಳುವಂತಿಲ್ಲ. ಹೆಂಡತಿ ಬಾಯಿಬಿಟ್ಟು ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆ ಹೇಳಿದ್ದಳು. ನಲವತ್ತು ವರ್ಷ ಆ ಮಾತನ್ನು ಸೆರಗಿನ ಗಂಟಿನ ಹಾಗೆ ಜೋಪಾನ ಮಾಡಿದಳು.

ಊರಿಗೆ ಸಿನಿಮಾದವರು ಬಂದಾಗ, ಕಬ್ಬು ಕಡಿಯುತ್ತಿದ್ದ ಸತ್ತೆಪ್ಪನನ್ನೇ ಕುರಿ ಕಾಯುವ ಮುದುಕನ ಪಾತ್ರಕ್ಕೆ ಆರಿಸಿದರು. ಅಲ್ಲಿ ಅವನು ಎಲ್ಲರಿಗೂ ಬರೀ ಕಾಕಾ. ಕೊನೆಯ ದಿನ ಮನೆಗೆ ಬಂದವನೇ, "ಸಿನಿಮಾ ಮುಗದ ಮ್ಯಾಲೆ ಪರದೆದಾಗ ನನ್ನ ಹೆಸರ ಬರತೈತಂತ. ರೇಷನ್ ಕಾರ್ಡ್, ನಿನ್ನ ಕೈ ಬಿಟ್ರ ಅದನ್ನ ಯಾರೂ ಎಲ್ಲೂ ಬರದಿಲ್ಲ. ನೀ ನೋಡಬೇಕ" ಅಂದ.

"ನನಗ ಓದಾಕ ಎಲ್ಲಿ ಬರತೈತಿ?"

"ಮುಂಗೈ ಮ್ಯಾಲ ಐತೆಲ್ಲ, ಅದನ್ನ ಹಿಡದ ನೋಡು."

ಸಿನಿಮಾ ಪೂರ್ತಿಯಾಗುವಷ್ಟರಲ್ಲಿ ಅವನೇ ತೀರಿಕೊಂಡ. ಆಮೇಲೆ, ಏಷ್ಯಾದ ಸಿನಿಮಾಗಳಿಗೆಂದೇ ಕೊಡುವ ಪ್ರಶಸ್ತಿಗಳಲ್ಲಿ ಅವನ ನಟನೆಗೂ ಒಂದು ಬಂತು, ಎಲ್ಲೋ ಸಮುದ್ರದಾಚೆ. ಅಲ್ಲಿನವರು ಎದ್ದುನಿಂತು ಚಪ್ಪಾಳೆ ತಟ್ಟಿದ ಸಿನಿಮಾ ಗೋಕಾಕಿಗೆ ಮಾತ್ರ ಬರಲಿಲ್ಲ. ಉದ್ದವ್ವ ಮೂರು ಸಲ ಬಸ್ ಹತ್ತಿ ಥಿಯೇಟರಿಗೆ ಹೋಗಿ ಕೇಳಿದಳು. "ಪ್ರಶಸ್ತಿ ಸಿನಿಮಾ ಯಾರ ನೋಡ್ತಾರಬೇ ಯವ್ವಾ?" ಎಂದು ಟಿಕೆಟ್ ಕೊಡುವವನು ನಕ್ಕ. ಅವನ ಹಲ್ಲು ಉದುರಿಸಬೇಕಿತ್ತು.

ಕೊನೆಗೆ ಮೂಡಲಗಿಯಲ್ಲಿ ಸಿನಿಮಾ ಹುಚ್ಚಿನ ನಾಲ್ಕು ಜನ ಸೇರಿ ಒಂದು ಸಭಾಂಗಣದಲ್ಲಿ ಅದನ್ನು ತೋರಿಸಿದರು. ಸಹಾಯಕ ನಿರ್ದೇಶಕ ಅಶೋಕ ತಾನೇ ಲ್ಯಾಪ್‌ಟಾಪ್ ತಂದಿದ್ದ. ಹುಕ್ಕೇರಿಯಲ್ಲಿ ನರ್ಸ್ ಆಗಿರುವ ಮಗಳು ಮಾಲಾ ರಜೆ ಹಾಕಿ ಬಂದಳು. ಪರದೆಯ ಮೇಲೆ ಗಂಡ ನಡೆದ, ಕೆಮ್ಮಿದ, ಕುರಿ ಕರೆದ. ಉದ್ದವ್ವ ಅಳಲಿಲ್ಲ, ಅಳುವುದಕ್ಕಿಂತ ದೊಡ್ಡ ಕೆಲಸ ಮುಂದಿತ್ತು. ಹೆಸರುಗಳು ಮೇಲೇರತೊಡಗಿದಾಗ ಮುಂಗೈ ಚಾಚಿ ಒಂದೊಂದನ್ನೂ ಹೋಲಿಸಿದಳು. ಹೆಸರುಗಳು ಮುಗಿದವು.

"ಇಲ್ಲಲ್ಲ! ಇನ್ನೊಮ್ಮಿ ಹಚ್ಚಪಾ."

ಅಶೋಕ ಮತ್ತೆ ಹಚ್ಚಿದ. ಆಗಲೂ ಇರಲಿಲ್ಲ. ಮಾಲಾ ಒಂದು ಸಾಲಿಗೆ ಬೆರಳು ತೋರಿಸಿದಳು. "ಯವ್ವಾ, ಅಲ್ಲಿ 'ಮಾಲಾನ ಅಪ್ಪ' ಅಂತ ಬರದಾರ."

ಅಶೋಕನ ಮುಖ ಸಣ್ಣದಾಯಿತು. "ನಾ ಫೋನ್ ಮಾಡಿ ಹೆಸರ ಕೇಳಿದ್ನೆಲ್ರಿ, ಎರಡ ಸಲ ಕೇಳಿದ್ನಿ. ನೀವ ಹಂಗ ಹೇಳಿದ್ರಿ. ಊರಾಗ ಹಂಗ ಕರೀತಾರಂತ ತಿಳಕೊಂಡ್ನಿ."

ಆ ಫೋನ್ ಉದ್ದವ್ವನಿಗೆ ನೆನಪಾಯಿತು. ಆಸ್ಪತ್ರೆಯ ಮಂಚದ ಮೇಲೆ ಗಂಡ, ಮೂಗಿಗೆ ನಳಿಕೆ. ಆ ಹೊತ್ತಿನಲ್ಲಿ ಹೆಸರು ತುಟಿಗೆ ಬಂದರೆ ಇದ್ದ ಉಸಿರೂ ನಿಂತೀತೆಂದು ಹೆದರಿ 'ಮಾಲಾನ ಅಪ್ಪ' ಅಂದಿದ್ದಳು. ಫೋನಿನಲ್ಲಿ ಮುಂಗೈ ತೋರಿಸುವುದು ಹೇಗೆ? ನಾಲ್ಕನೇ ದಿನ ಅವನು ಹೋಗೇಬಿಟ್ಟ.

"ಈಗ ತಿದ್ದಪಾ, ನಿನ್ನ ಕಾಲಿಗೆ ಬೀಳ್ತೇನಿ."

"ಸಿನಿಮಾ ಮಾರಿ ಆತ್ರಿ, ಇನ್ನ ನಮ್ಮ ಕೈಯಾಗ ಏನೂ ಉಳದಿಲ್ರಿ. ಪ್ರಶಸ್ತಿ ಫಲಕದ ಮ್ಯಾಲೂ ಹಂಗ ಕೆತ್ಯಾರ. ವೇದಿಕಿ ಮ್ಯಾಲೂ ಹಂಗ ಕರದ್ರು."

ಭಾಷಣಕ್ಕೆಂದು ಮುಂದೆ ಮೈಕ್ ಇಟ್ಟಿದ್ದರು. ಜನ ಚಪ್ಪಲಿ ಹುಡುಕುತ್ತ ಹೊರಗೆ ನಡೆದಿದ್ದರು. ಉದ್ದವ್ವ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು.

"ಸತ್ತೆಪ್ಪ" ಎಂದಳು, ಬಾಳಿನಲ್ಲೇ ಮೊದಲ ಸಲ. ಆಮೇಲೆ ಕೂಗಿದಳು. "ಸತ್ತೆಪ್ಪ! ನಿನ್ನ ಉಳಸಾಕಂತ ಸುಮ್ಮನಿದ್ನೆಲ್ಲೋ. ನೀನೂ ಹೋದಿ, ಹೆಸರೂ ಹೋತು."