ಮನೆಯನ್ನು ಪೂರ್ವಕ್ಕೆ ತಿರುಗಿಸಿದ ದಿನ

ಅರ್ಜಿ ನಮೂನೆಗಳಲ್ಲಿ ಎರಡು ಚೌಕಗಳಿರುತ್ತವೆ, ಗಮನಿಸಿದ್ದೀರಾ? ಒಂದು ‘ಈಗಿನ ವಿಳಾಸ’, ಅದರ ಕೆಳಗೆ ‘ಖಾಯಂ ವಿಳಾಸ’. ಬದುಕಿನಲ್ಲಿ ಅಸಂಖ್ಯ ಅರ್ಜಿಗಳನ್ನು ತುಂಬಿರುವ ನಾನು ಮೊದಲನೆಯದರಲ್ಲಿ ಒಂಟಿಕೊಪ್ಪಲಿನ ನಮ್ಮ ಮನೆಯ ನಂಬರು, ಅಡ್ಡರಸ್ತೆ, ಮುಖ್ಯರಸ್ತೆಗಳನ್ನೆಲ್ಲ ದುಂಡಗೆ ಬರೆದು, ಎರಡನೆಯದರಲ್ಲಿ ‘ಮೇಲಿನಂತೆ’ ಎಂದು ಗೀಚಿ ಕೈತೊಳೆದುಕೊಳ್ಳುತ್ತಿದ್ದೆ. ಆ ಒಂದು ಪದವನ್ನು ಬರೆಯುವಾಗ ಒಳಗೊಳಗೇ ಸಣ್ಣ ಗರ್ವವೂ ಇರುತ್ತಿತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಮೊನ್ನೆ ಬ್ಯಾಂಕಿನಲ್ಲಿ ಅದೇ ಎರಡು ಚೌಕಗಳ ಮುಂದೆ ಪೆನ್ನು ಹಿಡಿದು ಹತ್ತು ನಿಮಿಷ ಕೂತಿದ್ದರೂ ಒಂದಕ್ಷರ ಮೂಡಲಿಲ್ಲ. ಕೌಂಟರಿನ ಹುಡುಗಿ ಕನಿಕರದಿಂದ, “ಮೇಲಿನಂತೆ ಅಂತ ಬರ್ದ್ಬುಡಿ ಸಾರ್, ಸಾಕು” ಎಂದಳು. ಯಾವುದರ ಮೇಲಿನಂತೆ, ತಾಯಿ? ನಮ್ಮ ಮನೆಗೆ ಆರು ಚಕ್ರ ಬಂದು ಕೂತಿವೆ.

ಇದು ಹೇಗಾಯಿತೆಂದು ಹೇಳಬೇಕಾದರೆ ನನ್ನ ಹೆಂಡತಿಯಿಂದಲೇ ಆರಂಭಿಸಬೇಕು. ಮಂಗಳಾ ಇಪ್ಪತ್ತೆರಡು ವರ್ಷಗಳಿಂದ ಹೆಂಗಸರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದವಳು. ಅರ್ಧ ಮೈಸೂರಿನ ಗೃಹಿಣಿಯರು, ಡಾಕ್ಟರುಗಳು, ಟೀಚರುಗಳು ಅವಳ ಶಿಷ್ಯೆಯರು. ಸಿಗ್ನಲ್ಲಿನಲ್ಲಿ ನಿಂತ ಯಾವುದೋ ದೊಡ್ಡ ಕಾರಿನ ಗಾಜು ಇಳಿದು “ನಮಸ್ಕಾರ ಮೇಡಂ” ಎಂಬ ಧ್ವನಿ ಬಂದರೆ ನಾನೀಗ ಬೆಚ್ಚುವುದಿಲ್ಲ. ಇಂಥವಳ ಗಂಡನಾದ ನನಗೆ ಮಾತ್ರ ವಾಹನ ಚಾಲನೆ ಬಾರದು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಕತ್ತಲೆ ನಾನೇ. ಮದುವೆಯಾದ ಹೊಸತರಲ್ಲಿ ಒಮ್ಮೆ ಕಲಿಸಲು ಹೊರಟಳು. ಮೂರನೆಯ ದಿನ ನಾನು ಒಬ್ಬರ ಮನೆಯ ತುಳಸಿಕಟ್ಟೆಯವರೆಗೂ ಹೋಗಿ ಬಂದ ಮೇಲೆ ನಮ್ಮ ದಾಂಪತ್ಯದ ಹಿತದೃಷ್ಟಿಯಿಂದ ಆ ಪಾಠ ನಿಂತಿತು. ಕಾಲೇಜು ನಡೆದು ಹೋಗುವಷ್ಟು ಹತ್ತಿರದಲ್ಲಿದ್ದುದರಿಂದ ನನ್ನ ಅಜ್ಞಾನಕ್ಕೆ ಯಾವ ಬಾಧೆಯೂ ತಟ್ಟಲಿಲ್ಲ.

ಕಲಿಸುವ ಕಾರಿನಲ್ಲಿ ಎಡಗಡೆ ಇನ್ನೊಂದು ಬ್ರೇಕು ಇರುತ್ತದೆ. ಮಂಗಳಾ ಕೂರುವುದು ಅಲ್ಲಿ. ಸ್ಟಿಯರಿಂಗ್ ಯಾರದೋ ಕೈಯಲ್ಲಿ, ಬ್ರೇಕು ಇವಳ ಕಾಲಡಿಯಲ್ಲಿ. ದಾರಿ ಮಾತ್ರ ಎಂದೆಂದಿಗೂ ಅದೇ. ಒಂಟಿಕೊಪ್ಪಲಿಂದ ಬನ್ನಿಮಂಟಪ, ಬನ್ನಿಮಂಟಪದಿಂದ ಒಂಟಿಕೊಪ್ಪಲು. ಒಂದು ಸಂಜೆ ಅವಳು ಬಂದು ಚಪ್ಪಲಿ ಬಿಟ್ಟವಳೇ ಜಗಲಿಯ ಮೇಲೆ ಕೂತು, “ರೀ, ಇಪ್ಪತ್ತೆರಡು ವರ್ಷದಿಂದ ಗಾಡೀಲೇ ಕೂತಿವ್ನಿ, ಬನ್ನಿಮಂಟಪ ದಾಟಿಲ್ಲ ಕಣ್ರೀ. ಅದೂ ಎಡಗಡೆ ಸೀಟಲ್ಲಿ” ಎಂದಳು. ನಾನು ಪೇಪರ್ ಓದುತ್ತ “ಹೂಂ” ಎಂದೆ. ಸಾಮ್ರಾಜ್ಯಗಳು ಹೇಗೆ ಉರುಳಿದವೆಂದು ಇಪ್ಪತ್ತೊಂಬತ್ತು ವರ್ಷ ಪಾಠ ಹೇಳಿದ ಇತಿಹಾಸದ ಮೇಷ್ಟ್ರಿಗೆ ಅಂಥ ಹೂಂಗಳ ಪರಿಣಾಮ ಗೊತ್ತಿರಬೇಕಿತ್ತು.

ಆರು ತಿಂಗಳಾದ ಮೇಲೆ ಮನೆಯ ಮುಂದೆ ಹಳೆಯ ಪ್ರವಾಸಿ ವ್ಯಾನೊಂದು ಬಂದು ನಿಂತಿತು. ಸೀಟುಗಳನ್ನೆಲ್ಲ ಕಿತ್ತು, ಒಂದು ಮಂಚ, ಒಂದು ಮೇಜು, ಗ್ಯಾಸ್ ಒಲೆ, ಪಾತ್ರೆ ತೊಳೆಯುವ ಪುಟ್ಟ ತೊಟ್ಟಿ, ನೆತ್ತಿಯ ಮೇಲೆ ನೀರಿನ ಟ್ಯಾಂಕು. ನನ್ನ ಹೂಂ ಇಷ್ಟೆಲ್ಲ ಆಗಿ ಬೆಳೆದಿತ್ತು. ಅವಳ ಯೋಜನೆ ಇದು: ಮನೆಯನ್ನು ಬಾಡಿಗೆಗೆ ಕೊಡುವುದು, ಅವಳು ಕೆಲಸ ಬಿಡುವುದು, ನಾನು ಸ್ವಯಂ ನಿವೃತ್ತಿ ತೆಗೆದುಕೊಳ್ಳುವುದು, ಆಮೇಲೆ ಇಬ್ಬರೂ ಈ ವ್ಯಾನಿನಲ್ಲೇ ಊರೂರು ತಿರುಗುತ್ತ ಇದ್ದುಬಿಡುವುದು. ನಿವೃತ್ತಿಯ ಅರ್ಜಿಗೆ ನಾನು ಕೊರಿಯರ್‌ನವನ ಪುಸ್ತಕಕ್ಕೆ ಹಾಕಿದಂತೆ ಸಹಿ ಹಾಕಿಕೊಟ್ಟೆ. ಹಾಸನದಲ್ಲಿರುವ ಮಗಳು ಫೋನಿನಲ್ಲಿ, “ಅಮ್ಮನಿಗೆ ಆಗುತ್ತೆ. ಅಪ್ಪಾ, ನಿಮ್ಗೆ ಆಗಲ್ಲ” ಎಂದು ತೀರ್ಪು ಕೊಟ್ಟು, ಕುಕ್ಕರ್ ಕೂಗಿತೆಂದು ಇಟ್ಟುಬಿಟ್ಟಳು.

ನನಗೆ ಆಗುತ್ತದೋ ಇಲ್ಲವೋ ನನಗಾದರೂ ಗೊತ್ತಿತ್ತೇ? ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುವಾಗ ಹಿಮಾಲಯದ ತಪ್ಪಲಲ್ಲಿ ವ್ಯಾನು ನಿಲ್ಲಿಸಿ, ಕಂಬಳಿ ಹೊದ್ದು ಕಾಫಿ ಹೀರುವ ರಮ್ಯ ಚಿತ್ರ ಕಣ್ಣಮುಂದೆ ಬರುತ್ತಿತ್ತು. ಮನೆಗೆ ಬಂದು ನನ್ನ ಬೆತ್ತದ ಕುರ್ಚಿಯಲ್ಲಿ ಕೂತ ಕೂಡಲೇ, ಆ ಹಿಮಾಲಯದಲ್ಲಿ ಕಕ್ಕಸು ಎಲ್ಲಿ ಎಂಬ ತಾತ್ವಿಕ ಪ್ರಶ್ನೆ ಎದುರಾಗುತ್ತಿತ್ತು. ಅಲೆಮಾರಿ ಜನಾಂಗಗಳ ಮಹಾವಲಸೆಯ ಬಗ್ಗೆ ಕುರ್ಚಿ ಬಿಟ್ಟೇಳದೆ ಪಾಠ ಮಾಡಿದ ಮಹಾನುಭಾವ ನಾನು. ಸ್ನಾನದ ಮನೆಯಲ್ಲಿ ಹೊರಡೋಣ ಎನ್ನಿಸಿದ್ದು ತಿಂಡಿಯ ಹೊತ್ತಿಗೆ ಬೇಡ ಎನ್ನಿಸುತ್ತಿತ್ತು. ಮಂಗಳಾ ಭೂಪಟ ಬಿಡಿಸಿ ಕೂತಾಗ ಅವಳ ಮುಖ ನೋಡಿ ಮತ್ತೆ ಹೊರಡೋಣ ಎನ್ನಿಸುತ್ತಿತ್ತು. ಇಂಥ ತಲೆಯನ್ನು ಹೊತ್ತು ಒಂದು ದಿನ ಕಾಲೇಜಿಗೆ ಹೋದಾಗ ಕಚೇರಿಯ ಸೂಪರಿಂಟೆಂಡೆಂಟರು, “ನೋಟೀಸಿನ ಅವಧಿ ಮುಗಿಯೋವರೆಗೂ ಅರ್ಜಿ ವಾಪಸ್ ತಗೋಬಹುದು ಸಾರ್. ಸೋಮವಾರ ಕಡೇ ದಿನ” ಎಂದು ಕಿವಿಗೆ ಹಾಕಿದರು. ನಾನು ಅಲ್ಲೇ ಕೂತು, ‘ವೈಯಕ್ತಿಕ ಕಾರಣಗಳಿಂದ’ ಎಂಬ ಎಲ್ಲವನ್ನೂ ನುಂಗುವ ಪದಪುಂಜ ಬಳಸಿ ಹಿಂಪಡೆಯುವ ಪತ್ರ ಬರೆದು ಜೇಬಿಗಿಟ್ಟುಕೊಂಡೆ. ಕೊಡಲಿಲ್ಲ, ಹರಿಯಲೂ ಇಲ್ಲ. ಷರ್ಟಿನಿಂದ ಷರ್ಟಿಗೆ ಬದಲಾಗುತ್ತ ಅದು ವಾರವಿಡೀ ನನ್ನ ಜೊತೆ ಓಡಾಡಿತು.

ಆ ಸೋಮವಾರದ ಹಿಂದಿನ ದಿನವೇ ವ್ಯಾನಿನ ಪೂಜೆ. ಪುರೋಹಿತರು ಬಂದವರು ವ್ಯಾನನ್ನು ಒಮ್ಮೆ ಪ್ರದಕ್ಷಿಣೆ ಹಾಕಿ, ಕನ್ನಡಕ ಒರೆಸಿಕೊಂಡು, “ಮೇಷ್ಟ್ರೇ, ಇದಕ್ಕೆ ವಾಹನಪೂಜೆ ಮಾಡಬೇಕೋ, ಗೃಹಪ್ರವೇಶ ಮಾಡಬೇಕೋ?” ಎಂದು ಕೇಳಿದರು. ವಾಹನವಾದರೆ ಚಕ್ರದಡಿ ನಿಂಬೆಹಣ್ಣು, ಗೃಹವಾದರೆ ಹಾಲುಕ್ಕಿಸುವುದು. ನಾನು ನನ್ನ ಸ್ವಭಾವಕ್ಕೆ ತಕ್ಕಂತೆ, “ಎರಡೂ ಇರಲಿ” ಎಂದೆ. ದಂಪತಿ ಜೊತೆಯಾಗಿ ಬಲಗಾಲಿಟ್ಟು ಒಳಗೆ ಬರಬೇಕೆಂದರು. ಆ ಬಾಗಿಲಲ್ಲಿ ಒಬ್ಬರೇ ಮೈ ಉಜ್ಜಿಕೊಂಡು ಹೋಗಬೇಕು. ಮೊದಲು ಕಳಶ ಹೋಯಿತು, ಆಮೇಲೆ ಮಂಗಳಾ, ಕಡೆಗೆ ನಾನು, ನೆತ್ತಿಯನ್ನು ಚೌಕಟ್ಟಿಗೆ ಬಡಿಸಿಕೊಂಡು. ಒಲೆಯ ಮುಂದೆ ಕೂತ ಪುರೋಹಿತರು ಇದ್ದಕ್ಕಿದ್ದಂತೆ, “ಅಯ್ಯೋ, ಒಲೆ ದಕ್ಷಿಣಕ್ಕಿದೆಯಲ್ಲಮ್ಮ! ಪೂರ್ವಾಭಿಮುಖವಾಗಿ ಹಾಲುಕ್ಕಿಸಬೇಕು” ಎಂದರು.

ಬೇರೆ ಯಾವ ಮನೆಯಲ್ಲಾದರೂ ಇಲ್ಲಿ ಗೋಡೆ ಒಡೆಯುವ ಮಾತು ಬರುತ್ತಿತ್ತು. ಮಂಗಳಾ ಸೆರಗು ಸಿಕ್ಕಿಸಿ ಎದ್ದು, “ಅಷ್ಟೇ ತಾನೆ ಐನೋರೇ, ಮನೇನ ತಿರುಗಿಸ್ತೀನಿ ಇರಿ” ಎಂದು ಡ್ರೈವರ್ ಸೀಟಿಗೆ ಹೊರಟಳು. ಇನ್ನೂ ಒಲೆ ಹಚ್ಚಿರಲಿಲ್ಲ. ಬಾಯಿಮಟ್ಟ ಹಾಲು ತುಂಬಿದ್ದ ಪಾತ್ರೆಯನ್ನು ನನ್ನ ತೊಡೆಯ ಮೇಲಿಟ್ಟು, “ಗಟ್ಟಿಯಾಗಿ ಹಿಡ್ಕೊಳ್ಳಿ” ಎಂದಳು. ಇಂಜಿನ್ ಗುರುಗುಟ್ಟಿತು, ಪುರೋಹಿತರು ಮಂಚದ ಕಾಲು ಹಿಡಿದರು, ವ್ಯಾನು ಮೂಲೆಯ ಅಡ್ಡರಸ್ತೆಗೆ ಹಿಂದುಹಿಂದಾಗಿ ಹೊರಳಿತು. ಚಕ್ರದಡಿ ಆಗಲೇ ನಿಂಬೆಹಣ್ಣು ಇಟ್ಟಿದ್ದು ಯಾರಿಗೂ ನೆನಪಾಗಲಿಲ್ಲ. ಪಚಕ್ ಎಂದು ಅವು ಮಂತ್ರವಿಲ್ಲದೆಯೇ ಮೋಕ್ಷ ಪಡೆದವು. ಗಾಬರಿಯಲ್ಲಿ ಅವಳು ಬ್ರೇಕ್ ಒತ್ತಿದಳು. ಎರಡು ಲೀಟರ್ ಹಾಲು ನನ್ನ ಜುಬ್ಬ, ಪಂಚೆ, ನನ್ನ ಸಮಸ್ತ ಪಾಂಡಿತ್ಯವನ್ನು ತೋಯಿಸಿ ನೆಲದ ಮೇಲೆ ಹರಿಯಿತು.

ಪೂಜೆ ನೋಡಲು ಬಂದಿದ್ದ ಪಕ್ಕದ ಮನೆಯ ಕೆಂಪಮ್ಮನವರು ಬಾಗಿಲಲ್ಲಿ ಇಣುಕಿ, “ಅಯ್ಯೋ ಶಿವ್ನೇ, ಹಾಲು ಉಕ್ಕಿಲ್ಲ, ಚೆಲ್ಲೋಗದೆ! ಒಳ್ಳೇದಲ್ಲ ಕಣಮ್ಮ” ಎಂದರು. ಪುರೋಹಿತರು, “ಬೇರೆ ಹಾಲು ತಂದರಾಯ್ತು ಬಿಡಿ” ಎಂದು ಸಮಾಧಾನ ಹೇಳುತ್ತಿದ್ದರು. ಆದರೆ ನನಗೆ, ಓದುಗ ಮಹಾಶಯರೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಒದ್ದೆ ಪಂಚೆಯಲ್ಲಿ ಕೂತಿದ್ದ ನನಗೆ ಪರಮಾನಂದವಾಯಿತು. ಶಕುನ, ರಾಹುಕಾಲಗಳೆಲ್ಲ ಮೌಢ್ಯವೆಂದು ಇಪ್ಪತ್ತೊಂಬತ್ತು ವರ್ಷ ಗಂಟಲು ಹರಿದುಕೊಂಡವನು ಗಂಭೀರವದನನಾಗಿ, “ಹಿರಿಯರು ಸುಮ್ಮನೆ ಹೇಳಿರಲ್ಲ ಮಂಗಳಾ. ಈ ವರ್ಷ ಬೇಡವೇನೋ. ಸ್ವಲ್ಪ ಯೋಚಿಸೋಣ” ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. “ಜುಬ್ಬ ಬಿಚ್ಚಿ, ಕಮಟು ವಾಸನೆ ಬರುತ್ತೆ, ನೆನೆಸ್ತೀನಿ” ಎಂದಳು.

ಬಟ್ಟೆ ನೆನೆಸುವ ಮುಂಚೆ ಜೇಬು ನೋಡುವುದು ಹೆಂಗಸರ ಹುಟ್ಟುಗುಣವೆಂದು ಮರೆತು ನಾನು ಬಿಚ್ಚಿಕೊಟ್ಟೆ. ಒಳಗೆ ಹೋಗಿ ಬೇರೆ ಅಂಗಿ ತೊಟ್ಟು ಬರುವಷ್ಟರಲ್ಲಿ ಹಾಲಿನಲ್ಲಿ ನೆನೆದ ಪತ್ರ ಅವಳ ಕೈಯಲ್ಲಿತ್ತು. ಪುರೋಹಿತರೂ ಕೆಂಪಮ್ಮನವರೂ ಹಜಾರದಲ್ಲಿ ಕಾಫಿ ಕುಡಿಯುತ್ತಿದ್ದರು. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ.

“ಬರೋಕೆ ಇಷ್ಟ ಇಲ್ಲ ಅಂದ್ರೆ ಇಷ್ಟ ಇಲ್ಲ ಅಂತ ಹೇಳ್ಬುಡಿ. ಪಾಪ, ಹಾಲಿನ ಮೇಲೆ ಯಾಕೆ ಹಾಕ್ತೀರಿ?”

“ಇಷ್ಟ ಇಲ್ಲ ಅಂತಲ್ಲ ಮಂಗಳಾ. ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ” ಎಂದೆ. ಅಷ್ಟು ದಿನಗಳಲ್ಲಿ ನಾನು ಆಡಿದ ಮೊದಲ ನಿಜ ಅದೇ ಇರಬೇಕು. ಅವಳು ಪತ್ರವನ್ನು ಮಡಿಕೆ ಬಿಡಿಸಿ, ಹರಿಯದ ಹಾಗೆ ಎರಡು ಕೈಯಲ್ಲಿ ಹಿಡಿದು ಹೊರಗೆ ಹೋದಳು. ಬಿಸಿಲಿಗೆ ಕಾದಿದ್ದ ವ್ಯಾನಿನ ಮೂತಿಯ ಮೇಲೆ ಹಾಸಿ, ಹಾರದಿರಲೆಂದು ನಾಲ್ಕು ಮೂಲೆಗೆ ನಾಲ್ಕು ಅಡಿಕೆ ಇಟ್ಟಳು. ಪುರೋಹಿತರು ಮತ್ತೆ ಹಾಲು ತರಿಸಿ, ಮನೆ ಪೂರ್ವಕ್ಕೆ ತಿರುಗಿದ್ದಲ್ಲೇ ಉಕ್ಕಿಸಿ, ಮಂತ್ರ ಹೇಳಿ ಹೋದರು. ಸಂಜೆ ಅವಳು ಪತ್ರವನ್ನು ಇಸ್ತ್ರಿಪೆಟ್ಟಿಗೆಯಲ್ಲಿ ಮೆಲ್ಲಗೆ ಒತ್ತಿ ನನ್ನ ಕೈಗಿಟ್ಟು, “ನೋಟೀಸು ಸೋಮವಾರ ಮುಗಿಯುತ್ತೆ ಅಂತ ಬರ್ದಿದೀರಲ್ಲ. ಬೇಕಾದ್ರೆ ಇರಲಿ” ಎಂದಳು. ನನಗೆ ಅಳು ಬಂತು. ಗಂಡಸರು ಇಂಥ ಹೊತ್ತಿನಲ್ಲಿ ಮಾಡುವಂತೆ, ಕನ್ನಡಕ ಹುಡುಕುವ ನೆಪದಲ್ಲಿ ಅಲ್ಲಿಂದ ಎದ್ದುಹೋದೆ.

ಸೋಮವಾರ ಬೆಳಿಗ್ಗೆ, “ಹತ್ತಿ, ಕಾಲೇಜಿಗೆ ಬಿಡ್ತೀನಿ” ಎಂದಳು. ಐದು ನಿಮಿಷದ ದಾರಿಗೆ ಅಷ್ಟು ದೊಡ್ಡ ಮನೆಯೇಕೆಂದು ಕೇಳುವ ಧೈರ್ಯವಾಗದೆ ಹತ್ತಿ ಕೂತೆ. ಕಾಲೇಜಿನ ಗೇಟಿನ ಮುಂದೆ ವ್ಯಾನು ನಿಂತಿತು; ವಾಚ್‌ಮನ್ ಸಲಾಮು ಹೊಡೆದ. “ಇಳೀರಿ” ಎಂದಳು. ನಾನು ಬಾಗಿಲಿನ ಹಿಡಿ ಹಿಡಿದೆ, ತಿರುಗಿಸಲಿಲ್ಲ. ಹಿಂದಿನಿಂದ ಸಿಟಿ ಬಸ್ಸು ಹಾರನ್ ಬಾರಿಸತೊಡಗಿತು. “ಗೊತ್ತಾಗ್ತಿಲ್ಲ” ಎಂದೆ. “ಗೊತ್ತಾಗೋಗಂಟ ಇಲ್ಲಿ ನಿಲ್ಸೋ ಹಾಗಿಲ್ಲ ಕಣ್ರೀ, ಬೋರ್ಡ್ ಹಾಕವ್ರೆ” ಎಂದು ಅವಳು ಗೇರ್ ಹಾಕಿದಳು. ಕಾಲೇಜಿನ ಕಾಂಪೌಂಡು ಸುತ್ತಿ ಮತ್ತೆ ಗೇಟಿಗೆ ಬಂದೆವು. ವಾಚ್‌ಮನ್ ಮತ್ತೊಂದು ಸಲಾಮು ಹೊಡೆದ. ನಾನು ಮತ್ತೆ ಇಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಹೊಕ್ಕ ಗೇಟು ಅದು. ಒಳಗೆ ನನ್ನ ಕುರ್ಚಿ, ನನ್ನ ಹಾಜರಿ ಪುಸ್ತಕ, ಕಾರಿಡಾರಿನಲ್ಲಿ ದಾರಿ ಬಿಡುವ ಮಕ್ಕಳು. ಇದನ್ನೆಲ್ಲ ಬಿಟ್ಟರೆ ನಾನು ಯಾರು ಎಂಬುದೇ ನನ್ನ ಹೆದರಿಕೆ ಎಂದು ಅವಳಿಗೆ ಹೇಳಿಬಿಟ್ಟೆ.

ಮೂರನೆಯ ಸುತ್ತಿನಲ್ಲಿ ಅವಳು ರಸ್ತೆಯಿಂದ ಕಣ್ಣು ತೆಗೆಯದೆ, “ನಂಗೂ ಭಯ ಕಣ್ರೀ. ಒಬ್ಳೇ ಹೋಗೋದು ಅಂದ್ರೆ ಕೈಕಾಲು ತಣ್ಣಗಾಗುತ್ತೆ. ಹಾಗಂತ ನೀವು ಬರ್ಲೇಬೇಕು ಅಂತೇನಿಲ್ಲ. ಭಯ ಪಟ್ಕೊಂಡೇ ಹೋಗ್ತೀನಿ” ಎಂದಳು. ಅಷ್ಟು ದಿನ ನಾನು ಅವಳಿಗೆ ಎಲ್ಲವೂ ಸ್ಪಷ್ಟವಾಗಿದೆ, ಗೊಂದಲವೆಲ್ಲ ನನ್ನೊಬ್ಬನದೇ ಎಂದುಕೊಂಡಿದ್ದೆ. ಗೊಂದಲ ತೀರಿದ ಮೇಲೆ ಹೊರಡೋಣವೆಂದು ನಾನು ಕಾದು ಕೂತಿದ್ದೆ. ಅವಳ ಭಯ ಮಾತ್ರ ತೀರಿಯೇ ಇರಲಿಲ್ಲ; ಆದರೂ ಹೊರಟು ನಿಂತಿದ್ದಳು.

ನಾಲ್ಕನೆಯ ಸಲ ಗೇಟು ಕಂಡಿತು. ವಾಚ್‌ಮನ್ ಈಗ ಸಲಾಮು ನಿಲ್ಲಿಸಿ ಸೊಂಟದ ಮೇಲೆ ಕೈಯಿಟ್ಟು ನೋಡುತ್ತಿದ್ದ. ಮಂಗಳಾ ವೇಗ ತಗ್ಗಿಸಿ ಎಡಕ್ಕೆ ಎಳೆದಳು. ನನಗೆ ಆಗಲೂ ಏನೂ ಗೊತ್ತಾಗಿರಲಿಲ್ಲ, ಈಗಲೂ ಗೊತ್ತಾಗಿಲ್ಲ, ಆದರೂ ಬಾಯಿ ತಾನಾಗಿಯೇ ಆಡಿತು: “ನಿಲ್ಲಿಸಬೇಡ. ನಡಿ.”

ಅವಳು ನನ್ನ ಕಡೆ ತಿರುಗಲಿಲ್ಲ. ತುಟಿ ಕಚ್ಚಿಕೊಂಡು ಉದ್ದಕ್ಕೆ ಒಂದು ಹಾರನ್ ಹೊಡೆದಳು. ಮುಂದೆ ಯಾರೂ ಇರಲಿಲ್ಲ.