ಅಪ್ಪನ ಕಾರಿನ ಕೆಂಪು ದೀಪ

ಗೆಳೆಯರೇ, ಅಪ್ಪನ ಹಳೆಯ ಕಾರಿನಲ್ಲೇ ಸುರಪುರದ ತನ್ನ ತಂಗಿಯ ಮನೆಗೆ ಹೋಗಬೇಕೆಂಬುದು ನಮ್ಮ ಅವ್ವನ ಹಠ. ಇವತ್ತು ಶಹಾಪುರದ ನಮ್ಮ ಮಿಸ್ತ್ರಿ ಅದರ ಡೈನಮೊ ತೆಗೆದು, ಹೊಸ ತಂತಿ ಸುತ್ತಿದ ಆಲ್ಟರ್ನೇಟರ್ ಕೂರಿಸಿದರು. ಇಂಜಿನ್ ಓಡುವಾಗಲೂ ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯುತ್ತಿದ್ದರೆ ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಎಂದರ್ಥ, ಪ್ರಯಾಣ ರದ್ದು. ನಾನು ಕೀಲಿ ತಿರುಗಿಸಿದೆ.

"ದೀಪ ಆರ್ತು ನೋಡ್ರಿ ಅಕ್ಕಾರ," ಎಂದರು ಮಿಸ್ತ್ರಿ ಖುಷಿಯಿಂದ.

ಹಿಂದಿನ ಸೀಟಿನಲ್ಲಿದ್ದ ಅವ್ವ ಸಿಡುಕಿದಳು. "ಹೊಂಟು ನಿಂತಾಗ ದೀಪ ಆರ್ತು ಅಂತಾರೇನಪಾ? ಶಾಂತ ಆತು ಅನ್ನು."

"ಶಾಂತ ಆತ್ರಿ ಅವ್ವಾ. ಮತ್ತ ಹತ್ತಿದ್ರ ನನಗ ಫೋನ್ ಹಚ್ರಿ."

ಸುರಪುರ ಮುಟ್ಟುವವರೆಗೂ ಅವ್ವ ನನ್ನ ಹೆಗಲ ಮೇಲಿಂದ ಬಗ್ಗಿ ಅದನ್ನೇ ನೋಡುತ್ತಿದ್ದಳು. ದೇವರ ದೀಪ ಆರದಂತೆ ದಿನಾ ಕಾಯುವವಳು, ಇವತ್ತು ಒಂದು ದೀಪ ಹತ್ತದಂತೆ ಕಾದಳು.