ಹಿಮದಲ್ಲಿ ಹರಿದ ಎಳೆ

ಇಚಲಕರಂಜಿಯ ಪವರ್‌ಲೂಮ್ ಶೆಡ್ಡುಗಳಲ್ಲಿ ನಲವತ್ತು ವರ್ಷ ದುಡಿದ ಯಮನಪ್ಪನಿಗೆ ಈಗ ಕಿವಿ ಮಂದ, ಅಂಗೈ ಮಾತ್ರ ಚುರುಕು. ಖಟಾಖಟ್ ಸದ್ದಿನ ನಡುವೆ ಬಟ್ಟೆ ಸವರಿಯೇ ಹರಿದ ಎಳೆ ಹಿಡಿಯುತ್ತಿದ್ದ ಆ ದಿನಗಳು ಅವನಿಗೆ ಇನ್ನೂ ಕನಸಿನಲ್ಲಿ ಬರುತ್ತವೆ.

ಮೊಮ್ಮಗಳು ಸಪನಾ ಮನೆಯಲ್ಲೇ ಕೂತು ಉಪಗ್ರಹದ ಚಿತ್ರ ನೋಡುತ್ತಾಳೆ. ಉತ್ತರ ಧ್ರುವದ ಹಿಮದಲ್ಲಿ ಹಡಗುಗಳಿಗೆ ದಾರಿ ಹುಡುಕುವ ಕೆಲಸ. ಆ ದಿನ ಪರದೆಯ ತುಂಬ ಬರೀ ಬಿಳುಪು. ಮುದುಕ ಬಗ್ಗಿ ನೋಡಿದ, ಅಂಗೈ ಚಾಚಿ ಪರದೆ ಸವರಿದ. ಕೂದಲಿನಂಥ ಕಪ್ಪು ಗೆರೆಯೊಂದರ ಮೇಲೆ ಬೆರಳು ನಿಂತಿತು.

“ಎಳಿ ಹರದೈತಿ! ಮಗ್ಗ ನಿಲ್ಲಸ ಯವ್ವಾ!” ಎಂದು ಶೆಡ್ಡಿನ ದನಿಯಲ್ಲೇ ಕೂಗಿದ.

ಸಪನಾ ನಕ್ಕಳು. “ಅಜ್ಜಾ, ಅದು ಅರಿವಿ ಅಲ್ಲ, ಹಿಮ. ಅದು ಹರದ್ರನ ಹಡಗಿಗೆ ದಾರಿ. ಮುಂದ ಬ್ಯಾಸಗ್ಯಾಗ ಅಲ್ಲಿ ಹಿಮ ಕರಗಿ ದಾರಿ ಪೂರಾ ಮೋಕಳಾ ಆಗತೈತಂತ.”

ಯಮನಪ್ಪ ನಗಲಿಲ್ಲ. ಹರಿದ ಒಂದೊಂದು ಎಳೆಗೂ ಓಡಿ ಹೋಗಿ ಗಂಟು ಹಾಕಿದವನು ಅವನು. ಹರಿಯಲೆಂದೇ ಕಾಯುವ ಕೆಲಸವನ್ನು ಕಂಡವನಲ್ಲ. ಅವನ ಹೆಬ್ಬೆರಳು, ತೋರುಬೆರಳು ತಮ್ಮಷ್ಟಕ್ಕೆ ತಾವೇ ಗಾಳಿಯಲ್ಲಿ ಇಲ್ಲದ ಎಳೆಯನ್ನು ಹೊಸೆಯತೊಡಗಿದವು.

“ನಿಮ್ಮ ಹಡಗ ದಾಟಿ ಹೋದ ಮ್ಯಾಲ ಗಂಟ ಹಾಕಾವ್ರ ಯಾರವಾ?”